ನಕ್ಷೆಯಲ್ಲಿರುವ ಹೊಗೆ, ಮೂಗಿಗೆ ಬರುವ ಹೊಗೆ: ಏರ್‌ನೌ ‘ಫೈರ್ ಅಂಡ್ ಸ್ಮೋಕ್ ಮ್ಯಾಪ್’ ವಿಮರ್ಶೆ

ಅಮೆರಿಕದ ಪಶ್ಚಿಮ ಕರಾವಳಿಯಲ್ಲಿರುವವರು ಕಾಡ್ಗಿಚ್ಚಿನ ಕಾಲಕ್ಕೆಂದು ಒಂದೇ ಒಂದು ಆ್ಯಪ್ ಇಟ್ಟುಕೊಳ್ಳುವುದಾದರೆ ಬೆಂಕಿ, ಹೊಗೆ, ಗಾಳಿಯ ಗುಣಮಟ್ಟ ತೋರಿಸುವ ಈ ನಕ್ಷೆಯನ್ನೇ ಇಟ್ಟುಕೊಳ್ಳಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಮತ್ತು ಅಲ್ಲಿನ ಅರಣ್ಯ ಸೇವೆ ಸೇರಿ 2020ರ ಆಗಸ್ಟ್‌ನಲ್ಲಿ ತಂದದ್ದು. ದುಡ್ಡು ಕೊಡಬೇಕಿಲ್ಲ, ಲಾಗಿನ್ ಇಲ್ಲ, ಜಾಹೀರಾತಿನ ಕಾಟವಿಲ್ಲ. ಫೋನಿನಲ್ಲಾದರೆ ಏರ್‌ನೌ ಆ್ಯಪ್‌ನೊಳಗೇ ಸಿಗುತ್ತದೆ, ಕಂಪ್ಯೂಟರಿನಲ್ಲಿ ಫೈರ್ ಡಾಟ್ ಏರ್‌ನೌ ಡಾಟ್ ಗವ್. ದೊಡ್ಡ ದೂರು ಒಂದೇ. ಯಂತ್ರ ಅಳೆದದ್ದು, ಉಪಗ್ರಹದ ಚಿತ್ರ ನೋಡಿ ಮನುಷ್ಯರು ಗುರುತಿಸಿದ್ದು, ನಾಳೆಗೆ ಅಂದಾಜು ಮಾಡಿದ್ದು ಎಲ್ಲವೂ ಒಂದೇ ಪರದೆಯಿಂದ ಸಿಗುತ್ತವೆ. ಯಾವುದನ್ನು ಎಷ್ಟು ನಂಬಬೇಕು ಎಂದು ಬಿಡಿಸಿ ಹೇಳುವವರಿಲ್ಲ.

ಮೊದಲು ನಕ್ಷೆಯ ಮೇಲೆ ಹೊಗೆಯೆಂದು ಹರಡಿರುವ ಬೂದು ಪದರದ ವಿಷಯ. ತಮ್ಮ ಊರಿನ ಮೇಲೆ ಬೂದು ಬಣ್ಣ ಕಂಡ ಕೂಡಲೇ ಕಿಟಕಿ ಮುಚ್ಚುವವರಿದ್ದಾರೆ. ಅದು ನೆಲದ ಗಾಳಿಯ ಲೆಕ್ಕವಲ್ಲ. ಅಮೆರಿಕದ ಹವಾಮಾನ, ಸಾಗರ ಸಂಸ್ಥೆ ನೋವಾದ ವಿಶ್ಲೇಷಕರು ಉಪಗ್ರಹ ಚಿತ್ರಗಳನ್ನು ನೋಡಿ ಕೈಯಾರೆ ಎಳೆದ ಗಡಿ ಅದು. ತೆಳು, ಮಧ್ಯಮ, ದಟ್ಟ ಎಂದು ಮೂರು ಛಾಯೆ. ಹೊಗೆ ಮನೆಯ ಮಾಡಿನ ಮಟ್ಟದಲ್ಲಿದೆಯೋ ಮೂರು ಮೈಲಿ ಎತ್ತರದಲ್ಲಿದೆಯೋ ಆ ಬಣ್ಣದಿಂದ ತಿಳಿಯುವುದಿಲ್ಲ. ಹಗಲಿನ ಚಿತ್ರಗಳೇ ಆಧಾರವಾದ್ದರಿಂದ ಬೆಳಗಿನ ಜಾವ ನೋಡಿದರೆ ಹಿಂದಿನ ದಿನದ ಆಕಾರವೇ ಕಾಣಿಸುವುದುಂಟು. ಮೋಡದ ಅಡಿಯಲ್ಲಿರುವ ಹೊಗೆಯಂತೂ ಲೆಕ್ಕಕ್ಕೇ ಬರುವುದಿಲ್ಲ.

ಇದಕ್ಕೆ 2020ರ ಸೆಪ್ಟೆಂಬರ್ 9ಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಅಂದು ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ ಆಕಾಶ ಕಿತ್ತಳೆಯಾಗಿ, ನಡುಹಗಲಲ್ಲಿ ದೀಪ ಹಾಕಿಕೊಂಡು ಕಾರು ಓಡಿಸಬೇಕಾಯಿತು. ಆದರೆ ನೆಲದ ಮಾಪಕಗಳಲ್ಲಿ ಆಕಾಶದಷ್ಟು ಭಯಂಕರ ಅಂಕಿ ಇರಲಿಲ್ಲ. ಸಮುದ್ರದಿಂದ ನುಗ್ಗಿದ ತಣ್ಣನೆಯ ಗಾಳಿ, ಮಂಜು ಕೆಳಗೆ. ಹೊಗೆ ಅದರ ಮೇಲೆ. ನಂತರದ ದಿನಗಳಲ್ಲಿ ಹೊಗೆ ಕೆಳಗಿಳಿಯಿತು. ಕಿತ್ತಳೆ ಹೋಗಿ ಸಾದಾ ಬೂದು ಬಂತಲ್ಲ, ಇನ್ನು ಪರವಾಗಿಲ್ಲ ಎಂದುಕೊಳ್ಳುವ ಹೊತ್ತಿಗೇ ಉಸಿರಾಡುವ ಗಾಳಿ ಕೆಟ್ಟಿದ್ದು.

ನಂಬಬೇಕಾದ್ದು ಬಣ್ಣದ ಗುರುತುಗಳನ್ನು. ಹಸಿರಿನಿಂದ ಹಳದಿ, ಕಿತ್ತಳೆ, ಕೆಂಪು, ನೇರಳೆ, ಕಂದುಗೆಂಪಿನತ್ತ ಹೋದಷ್ಟೂ ಗಾಳಿ ಕೆಟ್ಟಿದೆ ಎಂದರ್ಥ. ವೃತ್ತವೆಂದರೆ ಸರ್ಕಾರದ ಕಾಯಂ ಮಾಪಕ. ತ್ರಿಕೋನವೆಂದರೆ ಬೆಂಕಿಯ ಹತ್ತಿರದ ಊರುಗಳಿಗೆ ತಾತ್ಕಾಲಿಕವಾಗಿ ತಂದಿಟ್ಟದ್ದು. ಚೌಕವೆಂದರೆ ಜನ ತಮ್ಮ ಮನೆಯ ಹೊರಗೆ ಹಾಕಿಕೊಂಡ ಅಗ್ಗದ ಸೆನ್ಸರ್, ಹೆಚ್ಚಿನವು ಪರ್ಪಲ್‌ಏರ್ ಕಂಪನಿಯವು. ಈ ಚೌಕಗಳೇ ಈ ಸೇವೆಯ ನಿಜವಾದ ಬಲ. ಕಾಯಂ ಮಾಪಕ ಇಡೀ ಪಟ್ಟಣಕ್ಕೆ ಒಂದಿದ್ದರೆ ಹೆಚ್ಚು. ಚೌಕ ಪಕ್ಕದ ಬೀದಿಯಲ್ಲೇ ಸಿಗಬಹುದು.

ಆದರೆ ಈ ಅಗ್ಗದ ಲೇಸರ್ ಸೆನ್ಸರ್‌ಗಳು ಹೊಗೆಯನ್ನು ಹೆಚ್ಚು ಮಾಡಿ ತೋರಿಸುತ್ತವೆ. ಅದಕ್ಕೆ ಇಪಿಎ ಒಂದು ತಿದ್ದುಪಡಿ ಹಾಕುತ್ತದೆ: ಕಚ್ಚಾ ಅಂಕಿಯನ್ನು 0.52ರಿಂದ ಗುಣಿಸಿ, ತೇವಾಂಶದ ಶೇಕಡಾವಾರನ್ನು 0.086ರಿಂದ ಗುಣಿಸಿ ಕಳೆದು, 5.75 ಕೂಡಿಸುವುದು. ಹೊಗೆ ತೀರಾ ದಟ್ಟವಾದಾಗ ಸೂತ್ರ ಬದಲಾಗುತ್ತದೆ, ಅದು ಬೇರೆ ಮಾತು. ತೇವಾಂಶ ಶೇ 40 ಇರುವಾಗ ಸೆನ್ಸರ್ ಘನ ಮೀಟರ್ ಗಾಳಿಗೆ 200 ಮೈಕ್ರೋಗ್ರಾಂ ಕಣ ಎಂದರೆ ತಿದ್ದಿದ ಮೇಲೆ ಉಳಿಯುವುದು ಸುಮಾರು 106. ಗಾಳಿಯ ಗುಣಮಟ್ಟದ ಸೂಚ್ಯಂಕ ಎಕ್ಯೂಐನಲ್ಲಿ ಹೇಳುವುದಾದರೆ 275 ಇದ್ದದ್ದು 186. ಪರ್ಪಲ್‌ಏರ್‌ನ ಸ್ವಂತ ನಕ್ಷೆಯಲ್ಲಿ ತಿದ್ದುಪಡಿಯನ್ನು ತೆಗೆದೂ ನೋಡಬಹುದು. ಸ್ನೇಹಿತರ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಬ್ಬರ ಸ್ಕ್ರೀನ್‌ಶಾಟ್ ನೇರಳೆ, ಇನ್ನೊಬ್ಬರದು ಕೆಂಪು ಇರುವುದಕ್ಕೆ ಸಾಮಾನ್ಯವಾಗಿ ಇದೇ ಕಾರಣ. ಏರ್‌ನೌ ನಕ್ಷೆಯಲ್ಲಿ ತಿದ್ದಿದ್ದೇ ಬರುತ್ತದೆ, ಸೆನ್ಸರ್‌ನ ಒಳಗಿನ ಎರಡು ಲೇಸರ್‌ಗಳ ಅಂಕಿ ಒಂದಕ್ಕೊಂದು ಹೊಂದದಿದ್ದರೆ ಅದನ್ನು ಕೈಬಿಡುತ್ತಾರೆ. ಅಷ್ಟಾದರೂ ಒಂಟಿ ಚೌಕವನ್ನು ನಂಬಬೇಡಿ. ಪಕ್ಕದಲ್ಲಿ ಬಾರ್ಬೆಕ್ಯೂ ಇರಬಹುದು, ಗ್ಯಾರೇಜಿನೊಳಗಿಟ್ಟು ಹೊರಗಿದೆ ಎಂದು ನೋಂದಾಯಿಸಿರಬಹುದು. ಸುತ್ತಲಿನ ಮೂರು ನಾಲ್ಕು ಚೌಕ ನೋಡಿ, ಹತ್ತಿರದ ವೃತ್ತದೊಂದಿಗೆ ತಾಳೆ ಹಾಕಿ.

ಇನ್ನು ಅಂಕಿಯ ತಡ. ನಕ್ಷೆ ತೋರಿಸುವುದು ಈ ನಿಮಿಷದ ಗಾಳಿಯನ್ನಲ್ಲ, ‘ನೌಕಾಸ್ಟ್’ ಎಂಬ ಲೆಕ್ಕವನ್ನು. ಹಿಂದಿನ 12 ಗಂಟೆಗಳ ಅಂಕಿಗಳಿಗೆ ತೂಕ ಕೊಟ್ಟು ತೆಗೆದ ಸರಾಸರಿ ಅದು. ಗಾಳಿ ಸ್ಥಿರವಾಗಿದ್ದರೆ ಎಲ್ಲ ಗಂಟೆಗೂ ಹೆಚ್ಚುಕಡಿಮೆ ಸಮಾನ ತೂಕ. ಏರಿಳಿತ ಜೋರಾಗಿದ್ದರೆ ಹಿಂದೆ ಹೋದಂತೆ ಪ್ರತಿ ಗಂಟೆಯ ತೂಕ ಅರ್ಧರ್ಧವಾಗುತ್ತದೆ, ಅದಕ್ಕಿಂತ ವೇಗವಾಗಿ ಇಳಿಯಲು ಬಿಡುವುದಿಲ್ಲ. ದಿನವಿಡೀ 10 ಮೈಕ್ರೋಗ್ರಾಂ ಇದ್ದು ಸಂಜೆ 5ರ ಗಂಟೆಯಲ್ಲಿ ಹೊಗೆ ನುಗ್ಗಿ 150 ಆಯಿತು ಎನ್ನಿ. ಆ ಗಂಟೆಯ ನೌಕಾಸ್ಟ್ ಸುಮಾರು 80, ಅಂದರೆ ಎಕ್ಯೂಐ 168, ಕೆಂಪು. ಮೂಗಿಗೆ ಬರುತ್ತಿರುವುದು 225ರ ಲೆಕ್ಕದ ನೇರಳೆ. ಮುಂದಿನ ಗಂಟೆ 193, ಅದರ ಮುಂದಿನದು 208. ಹೊಗೆ ಸರಿದಾಗಲೂ ಇದೇ ಕಥೆ ತಿರುಗುಮುರುಗಾಗಿ ನಡೆಯುತ್ತದೆ: ಹೊರಗೆ ಗಾಳಿ ತಿಳಿಯಾದ ಎರಡು ಗಂಟೆಯ ನಂತರವೂ ಕಿತ್ತಳೆ ಬಣ್ಣ ಕೂತಿರುತ್ತದೆ. ಆದ್ದರಿಂದ ಗುರುತನ್ನು ಒತ್ತಿ ಒಳಗಿನ ವಿವರ ತೆರೆದು, ಏರುತ್ತಿದೆಯೋ ಇಳಿಯುತ್ತಿದೆಯೋ ನೋಡಬೇಕು. ಅರ್ಧ ಗಂಟೆ ಕಿಟಕಿ ತೆರೆದು ಮನೆ ತಂಪು ಮಾಡಿಕೊಳ್ಳುವ ಅವಕಾಶಕ್ಕಾದರೆ ಪರ್ಪಲ್‌ಏರ್‌ನ ನಕ್ಷೆಯಲ್ಲಿ ಇಪಿಎ ತಿದ್ದುಪಡಿ, 10 ನಿಮಿಷದ ಸರಾಸರಿ ಇಟ್ಟುಕೊಂಡು ನೋಡುವುದೇ ಮೇಲು.

ಮುನ್ಸೂಚನೆಯ ವಿಷಯಕ್ಕೆ ಬಂದರೆ ಹೆಚ್ಚು ಜನ ಮೋಸಹೋಗುವುದು ಇಲ್ಲಿ. ಸ್ಥಳೀಯ ವಾಯು ಮಂಡಳಿ ಕೊಡುವ ಹೊಗೆಯ ಅಂಕಿ ಮಧ್ಯರಾತ್ರಿಯಿಂದ ಮಧ್ಯರಾತ್ರಿಯವರೆಗಿನ 24 ಗಂಟೆಯ ಸರಾಸರಿ. ಆರು ಗಂಟೆ 120 ಮೈಕ್ರೋಗ್ರಾಂ, ಉಳಿದ ಹದಿನೆಂಟು ಗಂಟೆ 15 ಇದ್ದರೆ ದಿನದ ಸರಾಸರಿ 41. ಎಕ್ಯೂಐ 115, ಕಿತ್ತಳೆ. ಆದರೆ ಆ 115 ಆ ದಿನ ಒಂದು ಗಂಟೆಯೂ ಇರುವುದಿಲ್ಲ. ಇರುವುದು ಆರು ಗಂಟೆ 196, ಹದಿನೆಂಟು ಗಂಟೆ 62. ಮಗುವಿನ ಫುಟ್‌ಬಾಲ್ ಅಭ್ಯಾಸ ಯಾವ ಹೊತ್ತಿಗೆ ಬೀಳುತ್ತದೆ ಎಂಬುದೇ ಮುಖ್ಯ. ಜಾಗದ ಲೆಕ್ಕವೂ ಹಾಗೆಯೇ ದೊಡ್ಡದು: ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾವನ್ನು ಐದು ವಲಯ ಮಾಡಿದ್ದಾರೆ, ಸಾಂಟಾ ಕ್ಲಾರಾ ಕಣಿವೆಗೆಲ್ಲ ಸೇರಿ ಒಂದು ಅಂಕಿ.

ದೊಡ್ಡ ಬೆಂಕಿ ಇದ್ದಾಗ ಮಾತ್ರ ನಕ್ಷೆಯಿಂದ ‘ಸ್ಮೋಕ್ ಔಟ್‌ಲುಕ್’ ಎಂಬ ಕೊಂಡಿ ಸಿಗುತ್ತದೆ. ಸಿಕ್ಕರೆ ಬಿಡಬೇಡಿ, ಇಡೀ ಸೇವೆಯಲ್ಲಿ ನಮಗೆ ಹೆಚ್ಚು ಹಿಡಿಸಿದ್ದು ಇದು. ಬೆಂಕಿ ಆರಿಸುವ ತಂಡದ ಜೊತೆ ಕೆಲಸ ಮಾಡುವ ವಾಯು ಸಲಹೆಗಾರರು ಬರೆಯುವ ಪುಟ. ಊರೂರಿಗೆ ನಿನ್ನೆಯ ಗಂಟೆಗಂಟೆಯ ಬಣ್ಣದ ಪಟ್ಟಿ, ಇಂದು ಮತ್ತು ನಾಳೆಯ ಅಂದಾಜು, ಪಕ್ಕದಲ್ಲಿ ಒಂದು ಸಾಲಿನ ಟಿಪ್ಪಣಿ: ಬೆಳಗ್ಗೆ ಹೊಗೆ, ಮಧ್ಯಾಹ್ನ ತಿಳಿ ಎಂಬಂತೆ. ನಿನ್ನೆಯ ಪಟ್ಟಿಯನ್ನು ಮೊದಲು ಓದಿ. ಕಣಿವೆಯ ಊರುಗಳಲ್ಲಿ ರಾತ್ರಿ ತಣ್ಣನೆಯ ಗಾಳಿ ಇಳಿಜಾರಿನಿಂದ ಹೊಗೆಯನ್ನೂ ಎಳೆದುಕೊಂಡು ಬಂದು ತಗ್ಗಿನಲ್ಲಿ ನಿಲ್ಲಿಸುತ್ತದೆ. ಮೇಲೆ ಬೆಚ್ಚಗಿನ ಗಾಳಿ ಮುಚ್ಚಳದಂತೆ ಕೂತಿರುತ್ತದೆ. ಬಿಸಿಲೇರಿ ಮುಚ್ಚಳ ಒಡೆದಾಗ ಹೊಗೆ ಮೇಲೆ ಹರಡಿ ತೆಳುವಾಗುತ್ತದೆ. ಗಾಳಿ ಬದಲಾಗದಿದ್ದರೆ ಮರುದಿನವೂ ಇದೇ ಹೊತ್ತಿಗೆ ಇದೇ ಪಾಡು. ಎಚ್ಚರ ಒಂದಿದೆ: ಹೊಗೆ ಮುಚ್ಚಳದ ಮೇಲಿದ್ದರೆ ಒಡೆದ ಮೇಲೆ ಕೆಳಗಿಳಿಯುತ್ತದೆ, ಆಗ ಬೆಳಗ್ಗೆ ಚೆನ್ನಾಗಿದ್ದು ಮಧ್ಯಾಹ್ನ ಕೆಡುತ್ತದೆ.

ಔಟ್‌ಲುಕ್ ಇಲ್ಲದ ದಿನಗಳಿಗೆ ನೋವಾದ ಎಚ್‌ಆರ್‌ಆರ್‌ಆರ್-ಸ್ಮೋಕ್ ಮಾದರಿಯನ್ನು ಬೇರೆಯಾಗಿ ತೆರೆಯಬೇಕು. ಮೂರು ಕಿಲೋಮೀಟರ್ ಚೌಕಳಿ, ಗಂಟೆಗೊಮ್ಮೆ ಹೊಸ ಲೆಕ್ಕ, ಸಾಮಾನ್ಯವಾಗಿ 18 ಗಂಟೆ ಮುಂದಕ್ಕೆ, ದಿನಕ್ಕೆ ನಾಲ್ಕು ಸಲ 48 ಗಂಟೆ ಮುಂದಕ್ಕೆ. ಕ್ಯಾಲಿಫೋರ್ನಿಯಾದ ಬೇಸಿಗೆಯ ಗಡಿಯಾರದಲ್ಲಿ ಆ ನಾಲ್ಕು ಬೆಳಗ್ಗೆ 5, ಬೆಳಗ್ಗೆ 11, ಸಂಜೆ 5, ರಾತ್ರಿ 11ರವು. ಪರದೆಗೆ ಬರುವುದು ಸ್ವಲ್ಪ ತಡವಾಗಿ. ಅದರಲ್ಲಿ ಎರಡು ಚಿತ್ರಗಳಿರುತ್ತವೆ. ‘ವರ್ಟಿಕಲಿ ಇಂಟಿಗ್ರೇಟೆಡ್’ ಎಂದಿರುವುದು ಕೆಳಗಿನಿಂದ ಮೇಲಿನವರೆಗಿನ ಒಟ್ಟು ಹೊಗೆ, ಸೂರ್ಯ ಕೆಂಪಗೆ ಕಾಣುತ್ತಾನೋ ಎಂದು ತಿಳಿಯಲು ಸಾಕು. ನಿಮಗೆ ಬೇಕಾದ್ದು ‘ನಿಯರ್-ಸರ್ಫೇಸ್’. ಬೆಂಕಿ ಎಷ್ಟು ಜೋರಾಗಿದೆ ಎಂಬುದನ್ನು ಈ ಮಾದರಿ ಉಪಗ್ರಹ ಕಂಡ ಶಾಖದಿಂದ ಅಂದಾಜಿಸುತ್ತದೆ. ಹೀಗಾಗಿ ಉಪಗ್ರಹ ಹಾದುಹೋದ ಮೇಲೆ ಹೊತ್ತಿಕೊಂಡ ಬೆಂಕಿ ಅದಕ್ಕೆ ಗೊತ್ತಿಲ್ಲ, ದಟ್ಟ ಹೊಗೆಯಡಿ ಮುಚ್ಚಿಹೋದ ಬೆಂಕಿ ಚಿಕ್ಕದಾಗಿ ಕಾಣಬಹುದು. ಹೊಗೆ ಬರುವ ಗಂಟೆಗೆ ಬೆಲೆ ಕೊಡಿ, ಅಂಕಿಗೆ ಅಷ್ಟಾಗಿ ಬೇಡ. ಈಗಿನ ಲೆಕ್ಕ ಸರಿ ಇದೆಯೇ ಎಂದು ಚೌಕಗಳ ಜೊತೆ ಹೋಲಿಸಿ, ಆಮೇಲೆ ರಾತ್ರಿಯ ಚಿತ್ರ ನೋಡಿ.

ನಕ್ಷೆಯಲ್ಲಿ ಇಲ್ಲದ್ದನ್ನೂ ಹೇಳಬೇಕು. ಅದು ಪಿಎಂ 2.5, ಅಂದರೆ ಗಾಳಿಯಲ್ಲಿನ ಅತಿ ಸಣ್ಣ ಕಣಗಳ ಲೆಕ್ಕ ಮಾತ್ರ. ಬಿಸಿಲಿನ ಮಧ್ಯಾಹ್ನ ಓಝೋನ್ ಏರಿದ್ದರೆ ಏರ್‌ನೌನ ಮುಖ್ಯ ಪುಟ ಕಿತ್ತಳೆ, ಈ ನಕ್ಷೆ ಹಳದಿ, ಎರಡೂ ಸರಿ. ಬೂದಿಯ ದೊಡ್ಡ ಕಣಗಳೂ ಲೆಕ್ಕಕ್ಕಿಲ್ಲ. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನ ಪ್ಯಾಲಿಸೇಡ್ಸ್, ಈಟನ್ ಬೆಂಕಿಗಳಲ್ಲಿ ಸುಟ್ಟದ್ದು ಕಾಡಷ್ಟೇ ಅಲ್ಲ, ಮನೆ, ಕಾರು, ಪ್ಲಾಸ್ಟಿಕ್. ಅಂಥ ಕಡೆ ಗಾಳಿಗೆ ಬೂದಿ ಏಳುತ್ತಿದ್ದರೆ ಹಸಿರು ಬಣ್ಣ ನೋಡಿ ಮಾಸ್ಕ್ ತೆಗೆಯುವಂತಿಲ್ಲ.

ಊರಿನಿಂದ ಬಂದಿರುವ ಅಪ್ಪ ಅಮ್ಮನಿಗೆ ಅಂಕಿ ಹೇಳುವಾಗ ಅಳತೆಗೋಲು ಬೇರೆ ಎಂಬುದು ನೆನಪಿರಲಿ. 60 ಮೈಕ್ರೋಗ್ರಾಂ ಭಾರತದ ಎಕ್ಯೂಐನಲ್ಲಿ 100, ‘ತೃಪ್ತಿಕರ’. ಅಮೆರಿಕದಲ್ಲಿ 154, ಕೆಂಪು. ಅಮೆರಿಕದ ಕೋಲನ್ನೂ 2024ರ ಮೇನಲ್ಲಿ ಬಿಗಿ ಮಾಡಿದ್ದಾರೆ: ಹಸಿರಿನ ಮಿತಿ 12ರಿಂದ 9ಕ್ಕೆ ಇಳಿದಿದೆ, ಅಪಾಯದ ಕಂದುಗೆಂಪು 225.5ಕ್ಕೇ ಶುರು. ಹಳೆಯ ಸಾಫ್ಟ್‌ವೇರ್ ಇರುವ ಮನೆಯೊಳಗಿನ ಮಾನಿಟರ್ 10 ಮೈಕ್ರೋಗ್ರಾಂಗೆ ಇನ್ನೂ 42 ಎನ್ನುತ್ತಿರಬಹುದು, ಹೊಸ ಲೆಕ್ಕದಲ್ಲಿ 53.

ಕರ್ನಾಟಕದಲ್ಲಿ ಕೂತು ಇಂಥದ್ದನ್ನೇ ಹುಡುಕುವವರಿಗೆ ಈ ನಕ್ಷೆ ಉಪಯೋಗವಿಲ್ಲ. ಬಂಡೀಪುರದಲ್ಲಿ 2019ರ ಫೆಬ್ರವರಿಯಲ್ಲಿ ಆದಂಥ ಬೆಂಕಿ ಎಲ್ಲಿ ಉರಿಯುತ್ತಿದೆ ಎಂದು ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯ ‘ವನ್ ಅಗ್ನಿ’ ಪೋರ್ಟಲ್‌ನಲ್ಲಿ ಚುಕ್ಕಿಗಳಾಗಿ ಕಾಣಬಹುದು, ನಾಸಾದ ಫರ್ಮ್ಸ್ ಕೂಡ ಅದನ್ನೇ ಕೊಡುತ್ತದೆ. ಗಾಳಿಯ ಅಂಕಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಸಮೀರ್’ ಆ್ಯಪ್. ಅದರ ಎಕ್ಯೂಐ ಹಿಂದಿನ 24 ಗಂಟೆಯ ಸರಾಸರಿಯಾದ್ದರಿಂದ ನೌಕಾಸ್ಟ್‌ಗಿಂತಲೂ ನಿಧಾನ, ಮಾಪಕ ಕೇಂದ್ರಗಳು ಹೆಚ್ಚಾಗಿ ಪಟ್ಟಣಗಳಲ್ಲಿವೆ. ಕಾಡಂಚಿನ ಹಳ್ಳಿಯ ಹೊಗೆ ಅದರಲ್ಲಿ ಸಿಗದಿದ್ದರೆ ಆಶ್ಚರ್ಯಪಡಬೇಕಿಲ್ಲ.