ಆರಂಭಿಕ ಪಟ್ಟಿ ಮುಗಿಯುವುದು ಯಾವಾಗ: ಕುವೆಂಪುನಗರದ ಒಂದು ಬಾರ್‌ಬೆಲ್ ಜಿಮ್

ಮೈಸೂರಿನಲ್ಲಿ ಜಿಮ್‌ಗಳಿಗೆ ಕೊರತೆಯಿಲ್ಲ. ಆದರೆ ಹೊಸಬರಿಗೆ ಭಾರ ಎತ್ತುವುದನ್ನು ಕ್ರಮವಾಗಿ ಕಲಿಸಿ, ಆ ಕ್ರಮವನ್ನು ಯಾವಾಗ ಬಿಟ್ಟು ಮುಂದೆ ಹೋಗಬೇಕೆಂಬುದನ್ನೂ ಲೆಕ್ಕವಿಟ್ಟು ಹೇಳುವ ಜಾಗಗಳು ವಿರಳ. ಕುವೆಂಪುನಗರದ ಒಳರಸ್ತೆಯೊಂದರಲ್ಲಿ, ಮನೆಯ ನೆಲಮಹಡಿಯನ್ನೇ ಮಾರ್ಪಡಿಸಿ ನಡೆಸುತ್ತಿರುವ ಚಿಕ್ಕ ಬಾರ್‌ಬೆಲ್ (ಎರಡು ತುದಿಗೂ ಭಾರದ ಪ್ಲೇಟು ತೊಡಿಸಿ ಎತ್ತುವ ಉದ್ದ ಸರಳು) ಜಿಮ್ ಅಂಥದ್ದೊಂದು. ಕನ್ನಡಿಗಳಿಲ್ಲ, ಟ್ರೆಡ್‌ಮಿಲ್ ಇಲ್ಲ. ರ‍್ಯಾಕ್‌ಗಳು (ಬಾರ್ ಇಡುವ ಚೌಕಟ್ಟುಗಳು), ಬೆಂಚುಗಳು, ಪ್ಲೇಟುಗಳು ಮತ್ತು ಗೋಡೆಯ ಕಪಾಟಿನಲ್ಲಿ ಒಬ್ಬೊಬ್ಬರಿಗೂ ಒಂದೊಂದು ನೋಟ್‌ಪುಸ್ತಕ. ನನ್ನ ಮೆಚ್ಚುಗೆಗೆ ಮುಖ್ಯ ಕಾರಣ ಆ ನೋಟ್‌ಪುಸ್ತಕವೇ.

ಹೊಸಬರಿಗೆ ಕೊಡುವ ಅಭ್ಯಾಸಕ್ರಮ, ಅಂದರೆ ಆರಂಭಿಕ ಪಟ್ಟಿ, ಸರಳವಾಗಿದೆ. ವಾರಕ್ಕೆ ಮೂರು ದಿನ ಅಭ್ಯಾಸ, ನಡುವೆ ಬಿಡುವು. ಬಾರ್ ಹೆಗಲ ಮೇಲೆ ಹೊತ್ತು ಕೂತು ಏಳುವ ಸ್ಕ್ವಾಟ್ ಪ್ರತಿ ಸಲವೂ ಇರುತ್ತದೆ. ಬೆಂಚಿನ ಮೇಲೆ ಮಲಗಿ ಬಾರ್ ತಳ್ಳುವ ಬೆಂಚ್ ಪ್ರೆಸ್ ಒಂದು ಸಲವಾದರೆ, ನಿಂತು ತಲೆಯ ಮೇಲಕ್ಕೆ ತಳ್ಳುವ ಓವರ್‌ಹೆಡ್ ಪ್ರೆಸ್ ಇನ್ನೊಂದು ಸಲ. ನೆಲದಿಂದ ಬಾರ್ ಎತ್ತಿ ನೆಟ್ಟಗೆ ನಿಲ್ಲುವ ಡೆಡ್‌ಲಿಫ್ಟ್‌ಗೆ ಒಂದೇ ಸೆಟ್ (ವಿರಾಮವಿಲ್ಲದೆ ಮಾಡುವ ಒಂದು ಸರಣಿ). 20 ಕಿಲೋದ ಖಾಲಿ ಬಾರ್‌ನಿಂದ, ಅದೂ ಭಾರವೆನಿಸಿದರೆ 15 ಕಿಲೋದ ಬಾರ್‌ನಿಂದ ತೊಡಗಿ, ಐದೈದು ರೆಪ್‌ಗಳ (ಒಂದು ಸಲ ಎತ್ತಿ ಇಳಿಸಿದರೆ ಒಂದು ರೆಪ್) ಮೂರು ಸೆಟ್ ಸರಿಯಾಗಿ ಮುಗಿದರೆ ಮುಂದಿನ ಸಲ 2.5 ಕಿಲೋ ಏರಿಸುತ್ತಾರೆ. ಮೊದಲ ವಾರಗಳಲ್ಲಿ ಬಲ ಹೆಚ್ಚುವುದು ಬಹುಪಾಲು ನರಮಂಡಲದ ಕಲಿಕೆಯಿಂದ, ಸ್ನಾಯುವಿನ ಬೆಳವಣಿಗೆ ಅದರ ಹಿಂದೆ ನಿಧಾನವಾಗಿ ಬರುತ್ತದೆ. ಆದ್ದರಿಂದಲೇ ಹೊಸಬರು ಎರಡೇ ದಿನಗಳಲ್ಲಿ ಚೇತರಿಸಿಕೊಂಡು ಮತ್ತಷ್ಟು ಎತ್ತಬಲ್ಲರು. ಎತ್ತುವ ಭಾರವೇ ದೊಡ್ಡದಾದಾಗ ಒಂದು ದಿನದ ದಣಿವು ತೀರಲು ಆ ಎರಡು ದಿನ ಸಾಲದಾಗುತ್ತದೆ. ಪಟ್ಟಿ ಬದಲಾಗಬೇಕಾದ ಹೊತ್ತು ಅದು. ಆದರೆ ಆ ಹೊತ್ತು ನಿಜವಾಗಿ ಬಂದಿದೆಯೋ, ಬಂದಂತೆ ತೋರುತ್ತಿದೆಯೋ ಎಂಬುದನ್ನು ಗುರುತಿಸುವುದು ಸುಲಭವಲ್ಲ, ಮತ್ತು ಈ ಜಿಮ್ಮಿನ ಶುಲ್ಕಕ್ಕೆ ಬೆಲೆ ಬರುವುದು ಇಲ್ಲಿಯೇ.

ಒಂದು ಭಾರದಲ್ಲಿ ರೆಪ್‌ಗಳು ತಪ್ಪಿದ ಕೂಡಲೇ ಇಲ್ಲಿನ ತರಬೇತುದಾರರು ಪಟ್ಟಿಯನ್ನು ಮುಟ್ಟುವುದಿಲ್ಲ. ಸೆಟ್‌ಗಳ ನಡುವೆ ಎಷ್ಟು ಹೊತ್ತು ಕೂತಿದ್ದಿರಿ ಎಂದು ಮೊದಲು ಕೇಳುತ್ತಾರೆ; ಭಾರ ಹೆಚ್ಚಾದ ಮೇಲೂ ಒಂದೇ ನಿಮಿಷ ಸುಧಾರಿಸಿಕೊಂಡು ಬಾರ್ ಹಿಡಿಯುವವರಿಗೆ ಮೂರರಿಂದ ಐದು ನಿಮಿಷ ಕಾಯಲು ಹೇಳುವುದರಿಂದಲೇ ಎಷ್ಟೋ ಸಲ ಸಮಸ್ಯೆ ಬಗೆಹರಿಯುತ್ತದೆ. ಆಮೇಲೆ ನಿದ್ದೆ, ಊಟ. ಮುದ್ದೆ, ಬಸ್ಸಾರು ಹೊಟ್ಟೆ ತುಂಬಿಸುತ್ತವೆ ನಿಜ, ಆದರೆ 70 ಕಿಲೋ ತೂಕದ ವ್ಯಕ್ತಿ ದೇಹತೂಕದ ಪ್ರತಿ ಕಿಲೋಗೆ 1.6 ಗ್ರಾಂ ಲೆಕ್ಕದಲ್ಲಿ ದಿನಕ್ಕೆ ಸುಮಾರು 112 ಗ್ರಾಂ ಪ್ರೋಟೀನ್ ತಿನ್ನಬೇಕಾದರೆ ಮೊಟ್ಟೆ, ಮೊಸರು, ಹುರುಳಿ, ಕಡಲೆ, ಮಾಂಸ ಇವುಗಳಲ್ಲಿ ಕೆಲವನ್ನಾದರೂ ಎಣಿಸಿಯೇ ತಟ್ಟೆಗೆ ಹಾಕಿಕೊಳ್ಳಬೇಕಾಗುತ್ತದೆ. ಮತ್ತೊಂದು ಪ್ರಶ್ನೆ ಅಪ್ಪಟ ಮೈಸೂರಿನದು: ಬಿಡುವಿನ ದಿನ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದಿರಾ? ಸಾವಿರ ಮೆಟ್ಟಿಲು ಏರಿಳಿದ ತೊಡೆಗಳು ಮರುದಿನ ಸ್ಕ್ವಾಟ್‌ಗೆ ತಾಜಾ ಆಗಿರುವುದಿಲ್ಲ. ಬೆಟ್ಟ ಹತ್ತುವುದನ್ನು ಅವರು ನಿಲ್ಲಿಸಲು ಹೇಳುವುದಿಲ್ಲ. ವಾರದ ಕೊನೆಯ ಅಭ್ಯಾಸ ಮುಗಿದ ಮೇಲಿನ ದಿನಕ್ಕೆ ಸರಿಸುತ್ತಾರೆ. ಈ ಊರಿನವರ ಬದುಕನ್ನು ಬಲ್ಲವರ ಸಲಹೆ ಅದು.

ಇವೆಲ್ಲ ಸರಿಯಿದ್ದೂ ಅದೇ ಭಾರ ಮತ್ತೆ ಮತ್ತೆ ತಪ್ಪಿದರೆ ಶೇಕಡಾ 10ರಷ್ಟು ಇಳಿಸಿ ಪುನಃ ಏರಿಸುತ್ತಾರೆ. ಎರಡನೆಯ ಏರಿಕೆಯೂ ಹಳೆಯ ಜಾಗದಲ್ಲೇ ನಿಂತಾಗ ಮಾತ್ರ ಆರಂಭಿಕ ಪಟ್ಟಿ ಮುಗಿಯಿತೆಂದು ತೀರ್ಮಾನಿಸುತ್ತಾರೆ, ಅದೂ ಆ ಒಂದು ಲಿಫ್ಟ್‌ಗೆ (ಎತ್ತುವ ಬಗೆಗೆ) ಮಾತ್ರ. ಈ ವಿವೇಕವನ್ನು ನಾನು ಬಹಳ ಗೌರವಿಸುತ್ತೇನೆ. ಎಲ್ಲ ಲಿಫ್ಟ್‌ಗಳೂ ಒಟ್ಟಿಗೆ ಬಲಿಯುವುದಿಲ್ಲ. ಸಾಮಾನ್ಯವಾಗಿ ಓವರ್‌ಹೆಡ್ ಪ್ರೆಸ್ ಎಲ್ಲಕ್ಕಿಂತ ಮೊದಲು ನಿಲ್ಲುತ್ತದೆ, ಮತ್ತು ಅದಕ್ಕೆ ಗಣಿತದ ಕಾರಣವೂ ಇದೆ: 100 ಕಿಲೋ ಸ್ಕ್ವಾಟ್ ಮಾಡುವವರಿಗೆ 2.5 ಕಿಲೋ ಎಂದರೆ ಶೇಕಡಾ ಎರಡೂವರೆ, 30 ಕಿಲೋ ಪ್ರೆಸ್ ಮಾಡುವವರಿಗೆ ಅದೇ ಪ್ಲೇಟುಗಳು ಶೇಕಡಾ ಎಂಟಕ್ಕಿಂತ ಹೆಚ್ಚು. ಹಾಗಾಗಿ ಇಲ್ಲಿ ಅರ್ಧ ಕಿಲೋದ ಪ್ಲೇಟುಗಳನ್ನೂ ಇಟ್ಟಿದ್ದಾರೆ. ಅವುಗಳಿಂದ ಒಂದು ಸಲಕ್ಕೆ ಒಂದೇ ಕಿಲೋ ಏರಿಸಬಹುದು, ಮುಗಿದಂತೆ ಕಂಡ ಪಟ್ಟಿ ಇನ್ನಷ್ಟು ಕಾಲ ನಡೆಯುತ್ತದೆ. 1.25 ಕಿಲೋದ ಜೋಡಿಗಿಂತ ಚಿಕ್ಕದು ಸಿಗದ ಜಿಮ್‌ಗಳಲ್ಲಿ ಎಷ್ಟೋ ಮಹಿಳೆಯರು ಪ್ರೆಸ್ ತಮಗೆ ಒಗ್ಗದೆಂದು ಕೈಬಿಡುವುದು ನನಗೆ ನಿಜಕ್ಕೂ ಬೇಸರ ತರುವ ಸಂಗತಿ.

ಮುಂದಿನ ಪಟ್ಟಿಯಲ್ಲಿ ಏರಿಕೆಯ ಅಳತೆ ದಿನದಿಂದ ವಾರಕ್ಕೆ ಬದಲಾಗುತ್ತದೆ. ಸೋಮವಾರ ಐದು ಸೆಟ್‌ಗಳ ದುಡಿಮೆ, ಬುಧವಾರ ಹಗುರ, ಶುಕ್ರವಾರ ಆ ವಾರದ ಅತಿ ಹೆಚ್ಚಿನ ಭಾರದಲ್ಲಿ ಒಂದೇ ಸೆಟ್. ಇದನ್ನು ಬಡ್ತಿಯೆಂದು ತಿಳಿದು ಅವಸರಪಡುವ ಯುವಕರಿಗೆ ತರಬೇತುದಾರರು ನೋಟ್‌ಪುಸ್ತಕ ತೆರೆದು ಲೆಕ್ಕ ತೋರಿಸುತ್ತಾರೆ: ಸ್ಕ್ವಾಟ್‌ನಲ್ಲಿ ಪ್ರತಿ ಸಲ ಏರಿಸಬಲ್ಲವನು ತಿಂಗಳಿಗೆ ಸುಮಾರು 30 ಕಿಲೋ ಗಳಿಸುತ್ತಾನೆ, ವಾರಕ್ಕೊಮ್ಮೆ ಏರಿಸುವವನಿಗೆ 10 ಕಿಲೋ. ಬೇಗ ಬಿಟ್ಟವರಿಗೆ ನಷ್ಟ. ಬಿಡಬೇಕಾದಾಗ ಬಿಡದೆ ತಿಂಗಳುಗಟ್ಟಲೆ ಇಳಿಸುತ್ತಾ ಏರಿಸುತ್ತಾ ಇರುವವರಿಗೂ ನಷ್ಟವೇ, ಹಾಗೂ ಅಂಥವರು ಬೇಸತ್ತು ಜಿಮ್ ತೊರೆಯುವುದೇ ಹೆಚ್ಚು. ಇಷ್ಟು ತಿಂಗಳಾಯಿತು, ಇಷ್ಟು ಕಿಲೋ ಮುಟ್ಟಿತು ಎಂಬ ಗಡುವನ್ನು ಇಲ್ಲಿ ಯಾರಿಗೂ ವಿಧಿಸುವುದಿಲ್ಲ. ಐವತ್ತು ದಾಟಿದವರಿಗೂ ಕಾಲೇಜು ಹುಡುಗನಿಗೂ ಒಂದೇ ಗಡುವು ಹೊಂದುವುದೂ ಇಲ್ಲ. ಶಿಷ್ಯನ ಸಾಧನೆ ನೋಡಿ ದಂಡ, ಬಸ್ಕಿ ಏರಿಸುವ ಗರಡಿಮನೆಗಳ ಊರಿನಲ್ಲಿ ಈ ಪದ್ಧತಿ ಹೊಸದಾಗಿ ಕಾಣಬೇಕಾಗಿಲ್ಲ.

ಕೊರತೆಗಳೂ ಇವೆ. ರ‍್ಯಾಕ್‌ಗಳು ಎರಡೇ ಇರುವುದರಿಂದ ಸಂಜೆ ಆರರ ನಂತರ ಐದು ನಿಮಿಷದ ವಿರಾಮವೆನ್ನುವುದು ಪಕ್ಕದವರ ಸಹನೆಯನ್ನು ಅವಲಂಬಿಸುತ್ತದೆ, ಸಾಧ್ಯವಿರುವವರು ಬೆಳಗಿನ ಹೊತ್ತನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಪಟ್ಟಿ ಬದಲಿಸುವ ನಿಯಮಗಳನ್ನು ಬಾಯಿಮಾತಿನಲ್ಲಷ್ಟೇ ಹೇಳುತ್ತಾರೆ. ನೋಟ್‌ಪುಸ್ತಕದ ಮೊದಲ ಪುಟದಲ್ಲೇ ಕನ್ನಡದಲ್ಲಿ ಅಚ್ಚು ಹಾಕಿಸಿದರೆ ಹೊಸಬರ ಅರ್ಧ ಆತಂಕ ಕಡಿಮೆಯಾದೀತು. ಬೇರೆ ಕಡೆ ಅಭ್ಯಾಸ ಮಾಡಿ ಇಲ್ಲಿಗೆ ಬರುವವರು ತಮ್ಮ ಹಳೆಯ ದಾಖಲೆಯನ್ನು ತಪ್ಪದೆ ತರಬೇಕು. ಅದಿಲ್ಲದಿದ್ದರೆ ಎಷ್ಟೇ ಅನುಭವ ಹೇಳಿಕೊಂಡರೂ ಕೆಲವು ವಾರ ಆರಂಭಿಕ ಪಟ್ಟಿಯಲ್ಲೇ ಇರಿಸಿ, ಯಾವ ಲಿಫ್ಟ್ ಎಲ್ಲಿ ನಿಲ್ಲುತ್ತದೆಂದು ನೋಡಿದ ನಂತರವೇ ಹೊಸದನ್ನು ಬರೆದುಕೊಡುತ್ತಾರೆ.