ಬಹಾಮಿಯನ್ನರನ್ನೂ ಇರಾನಿಯನ್ನರನ್ನೂ ಹೋಲಿಸಲು ಸೆನ್ಸಸ್ ತಾಣ ಸಾಕೇ? ಬಳಸಿದವಳ ವಿಮರ್ಶೆ

ಡೇಟಾ ಡಾಟ್ ಸೆನ್ಸಸ್ ಡಾಟ್ ಗವ್ ಅಮೆರಿಕದ ಸೆನ್ಸಸ್ ಬ್ಯೂರೋ, ಅಂದರೆ ಜನಗಣತಿ ಇಲಾಖೆ, ನಡೆಸುವ ತಾಣ. ದುಡ್ಡು ಕೊಡಬೇಕಿಲ್ಲ, ಲಾಗಿನ್ ಬೇಕಿಲ್ಲ, ಜಾಹೀರಾತಿನ ಕಾಟ ಇಲ್ಲ. ನಾನು ಮಯಾಮಿ ಕಡೆಯ ಒಂದು ಸಾರ್ವಜನಿಕ ಲೈಬ್ರರಿಯಲ್ಲಿ ಕೆಲಸ ಮಾಡುತ್ತೇನೆ. ಮಾಹಿತಿ ಕೇಳಿಕೊಂಡು ಬಂದವರಿಗೆ ಹುಡುಕಿಕೊಡುವುದು ನನ್ನ ಕೆಲಸ. ಈ ತಾಣವನ್ನು ತೆರೆಯದ ದಿನ ಕಡಿಮೆ. ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತೇನೆ. ಉಳಿದ ಒಂದನ್ನು ಯಾಕೆ ಹಿಡಿದುಕೊಂಡೆ ಅನ್ನುವುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ತಾಣದಲ್ಲಿರುವ ಎಲ್ಲವನ್ನೂ ಇಲ್ಲಿ ವಿವರಿಸುವುದಿಲ್ಲ. ಒಂದೇ ಪ್ರಶ್ನೆ ಹಿಡಿದು ನೋಡೋಣ. ಅಮೆರಿಕದಲ್ಲಿ ನೆಲೆಸಿದ ಬಹಾಮಿಯನ್ನರು (ಫ್ಲಾರಿಡಾ ಹತ್ತಿರದ ಬಹಾಮಾಸ್ ದ್ವೀಪಗಳ ಮೂಲದವರು) ಮತ್ತು ಇರಾನಿಯನ್ನರ ಬದುಕು ಹೇಗೆ ನಡೆದಿದೆ? ಸಂಪಾದನೆ, ಓದು, ಮನೆ, ಕೆಲಸ ಎಲ್ಲ ಸೇರಿಸಿ ಕೇಳುವ ಪ್ರಶ್ನೆ ಇದು.

ಈ ಪ್ರಶ್ನೆ ತಂದವಳು ಒಬ್ಬ ಕಾಲೇಜು ಹುಡುಗಿ. ಬಹಾಮಿಯನ್ ಮನೆತನ. ಅವಳ ಅಜ್ಜಿ ಮಯಾಮಿಯ ಬಡಾವಣೆ ಕೊಕೊನಟ್ ಗ್ರೋವ್‌ನ ಪಶ್ಚಿಮ ಭಾಗದಲ್ಲೇ ಹುಟ್ಟಿ ಬೆಳೆದವರು. ಎರಡು ವಲಸೆ ಸಮುದಾಯಗಳನ್ನು ಹೋಲಿಸಿ ಬರೆಯಬೇಕಿತ್ತು, ಇವಳಿಗೆ ಸಿಕ್ಕಿದ್ದು ಈ ಜೋಡಿ. ಯಾವುದೋ ಖಾಸಗಿ ತಾಣದಿಂದ ಪ್ರಿಂಟ್ ತೆಗೆದುಕೊಂಡು ಬಂದಿದ್ದಳು. ಅದರಲ್ಲಿ ಆದಾಯಕ್ಕೊಂದು ಗ್ರೇಡು, ಓದಿಗೊಂದು ಗ್ರೇಡು, ಮನೆಗೊಂದು ಗ್ರೇಡು. ಇರಾನಿಯನ್ನರಿಗೆ ಹೆಚ್ಚಿನ ಕಡೆ ಮೇಲಿನದು, ಬಹಾಮಿಯನ್ನರಿಗೆ ಕೆಳಗಿನದು. "ಮಿಸ್, ಹಾಗಾದರೆ ನಮ್ಮವರು ಫೇಲಾ?" ಅಂತ ಕೇಳಿದಳು. ನನಗೆ ತುಂಬಾ ಬೇಜಾರಾಯಿತು. ಒಂದು ಜನಾಂಗಕ್ಕೆ ಮಾರ್ಕ್ಸ್ ಕಾರ್ಡ್ ಕೊಡುವುದು ಸರಿಯಲ್ಲ, ಅಲ್ವಾ? ಪ್ರಿಂಟ್ ಪಕ್ಕಕ್ಕಿಟ್ಟು ಮೂಲ ಅಂಕಿಗಳನ್ನೇ ನೋಡೋಣ ಅಂದೆ.

ಮೂಲ ಅಂದರೆ ಇದೇ ಬ್ಯೂರೋ ನಡೆಸುವ ಅಮೆರಿಕನ್ ಕಮ್ಯುನಿಟಿ ಸರ್ವೆ ಅನ್ನುವ ಸಮೀಕ್ಷೆ. 2005ರಿಂದ ಪೂರ್ಣ ಪ್ರಮಾಣದಲ್ಲಿ ನಡೆಯುತ್ತಿದೆ. ಈಗ ವರ್ಷಕ್ಕೆ ಸುಮಾರು 35 ಲಕ್ಷ ವಿಳಾಸಗಳಿಗೆ ಪ್ರಶ್ನೆಪಟ್ಟಿ ಹೋಗುತ್ತದೆ. ಇಷ್ಟು ದೊಡ್ಡ ಸಮೀಕ್ಷೆಯ ಫಲವನ್ನು ಯಾರು ಬೇಕಾದರೂ ಕೂತಲ್ಲೇ ತೆಗೆದು ನೋಡಬಹುದು. ಇದು ದೊಡ್ಡ ಕೊಡುಗೆ ಅಂತ ನಾನು ಮನಸಾರೆ ನಂಬುತ್ತೇನೆ.

ಬಳಸುವುದು ಸುಲಭ. ಮೇಲಿನ ಪೆಟ್ಟಿಗೆಯಲ್ಲಿ ಪಟ್ಟಿಯ ನಂಬರ್ ಹೊಡೆದರೆ ಸಾಕು. ಯಾರು ಎಷ್ಟು ಜನ ಇದ್ದಾರೆ ಅಂತ ತಿಳಿಯಲು ಬೇಕಾದ್ದು ಮುಖ್ಯವಾಗಿ ಎರಡು ಪಟ್ಟಿ. ಬಿ04006 ಅಂದರೆ ಜನ ತಮ್ಮ ಮೂಲ ಯಾವುದು ಅಂತ ಬರೆದುಕೊಂಡಿದ್ದಾರೋ ಅದರ ಲೆಕ್ಕ. ಬಿ05006 ಅಂದರೆ ಹೊರದೇಶದಲ್ಲಿ ಹುಟ್ಟಿದವರ ಲೆಕ್ಕ, ದೇಶವಾರು. ರಾಜ್ಯ, ಕೌಂಟಿ, ವರ್ಷ ಆರಿಸಿಕೊಂಡರೆ ಪಟ್ಟಿ ಎದುರಿಗೆ ಬರುತ್ತದೆ. ಎಕ್ಸೆಲ್‌ನಲ್ಲಿ ಇಳಿಸಿಕೊಳ್ಳಬಹುದು.

ಈ ಎರಡು ಪಟ್ಟಿಗಳು ಒಂದೇ ಮಾತು ಹೇಳುವುದಿಲ್ಲ. ಇದನ್ನು ಮೊದಲು ಅರ್ಥ ಮಾಡಿಕೊಳ್ಳಬೇಕು. ಇರಾನಿನಿಂದ ಬಂದ ಅರ್ಮೇನಿಯನ್ ಕುಟುಂಬ ತನ್ನ ಮೂಲ 'ಅರ್ಮೇನಿಯನ್' ಅಂತ ಬರೆಯಬಹುದು. ಲಾಸ್ ಏಂಜಲೀಸ್ ಪಕ್ಕದ ಗ್ಲೆಂಡೇಲ್‌ನಲ್ಲಿ ಅಂಥವರು ಬಹಳ. ಅವರು ಹುಟ್ಟಿದ ದೇಶದ ಪಟ್ಟಿಯಲ್ಲಿ ಇರಾನಿನ ಲೆಕ್ಕಕ್ಕೆ ಸೇರುತ್ತಾರೆ, ಮೂಲದ ಪಟ್ಟಿಯಲ್ಲಿ ಬೇರೆ ಕಡೆ ಹೋಗುತ್ತಾರೆ. ಇರಾನಿನ ಯಹೂದಿಗಳು, ಬಹಾಯಿಗಳು ಎಷ್ಟು ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ, ಯಾಕೆಂದರೆ ಈ ಸಮೀಕ್ಷೆ ಧರ್ಮ ಕೇಳುವುದಿಲ್ಲ. ಬಹಾಮಿಯನ್ನರ ಕಥೆ ಇನ್ನೊಂದು ಥರ. ಮುತ್ತಜ್ಜ 1900ರ ಸುಮಾರಿಗೆ ಬಹಾಮಾಸ್‌ನ ಎಲ್ಯೂಥೆರಾ ದ್ವೀಪದಿಂದ ಬಂದಿದ್ದರೆ, ಮರಿಮಗ ಇವತ್ತು 'ಆಫ್ರಿಕನ್ ಅಮೆರಿಕನ್' ಅಂತಲೇ ಬರೆಯಬಹುದು, ಅಥವಾ ಆ ಜಾಗ ಖಾಲಿ ಬಿಡಬಹುದು. ಹಾಗೆ ಬರೆದರೆ ಬಹಾಮಿಯನ್ ಲೆಕ್ಕದಿಂದ ಅವನು ಹೊರಗೆ. ಓದಿ ಮುಂದೆ ಬಂದ ಹಳೆಯ ಮನೆತನಗಳೂ ಹೀಗೆ ಪಟ್ಟಿಯಿಂದ ಜಾರಿಹೋಗುತ್ತವೆ.

ಗಾತ್ರದಲ್ಲೂ ಭಾರಿ ಅಂತರ. 2020ರ ಜನಗಣತಿಯಲ್ಲಿ 5,68,564 ಜನ ತಾವು ಇರಾನಿಯನ್ ಅಂತ, ಅಥವಾ ಇರಾನಿಯನ್ ಮೂಲವೂ ಇದೆ ಅಂತ ಬರೆದರು. ಸಮೀಕ್ಷೆಯ ಮೂಲಪಟ್ಟಿಯಲ್ಲಿ ಬಹಾಮಿಯನ್ನರ ಸಂಖ್ಯೆ ಒಂದು ಲಕ್ಷವನ್ನೂ ಮುಟ್ಟುವುದಿಲ್ಲ. ಗುಂಪು ಚಿಕ್ಕದಾದಷ್ಟೂ ಸಮೀಕ್ಷೆಗೆ ಸಿಕ್ಕ ಮನೆಗಳು ಕಡಿಮೆ, ಅಂದಾಜಿನ ಅಲುಗಾಟ ಜಾಸ್ತಿ. ಆ ಅಲುಗಾಟವನ್ನು ತಾಣ ಮುಚ್ಚಿಡುವುದಿಲ್ಲ. ಪ್ರತಿ ಅಂಕಿಯ ಪಕ್ಕದಲ್ಲೂ ಮಾರ್ಜಿನ್ ಆಫ್ ಎರರ್ ಕೊಡುತ್ತದೆ, ನೂರಕ್ಕೆ ತೊಂಬತ್ತರ ಭರವಸೆಯ ಲೆಕ್ಕದಲ್ಲಿ. ನನಗೆ ಈ ತಾಣದ ಮೇಲೆ ಗೌರವ ಹುಟ್ಟಿಸಿದ್ದು ಈ ಕಾಲಂ. ಹುಡುಗಿಯ ಪ್ರಿಂಟ್‌ನಲ್ಲಿ ಅದೇ ಇರಲಿಲ್ಲ. ಚಿಕ್ಕ ಸಮುದಾಯದ ವಿಷಯಕ್ಕೆ ಒಂದು ವರ್ಷದ ಅಂದಾಜನ್ನು ಬಿಟ್ಟು ಐದು ವರ್ಷದ ಅಂದಾಜನ್ನೇ ಹಿಡಿಯಿರಿ.

ಇನ್ನು ಉತ್ತರಕ್ಕೆ ಬರೋಣ. ಓದು ಮತ್ತು ಮನೆಯ ಆದಾಯ, ಎರಡರಲ್ಲೂ ಇರಾನಿಯನ್ನರು ಬಹಳ ಮುಂದಿದ್ದಾರೆ. ಅದರಲ್ಲಿ ಅನುಮಾನ ಇಲ್ಲ. ಇರಾನಿನಲ್ಲಿ ಹುಟ್ಟಿ ಇಲ್ಲಿಗೆ ಬಂದ ವಯಸ್ಕರಲ್ಲಿ ಹತ್ತಕ್ಕೆ ಸುಮಾರು ಆರು ಜನ ಪದವೀಧರರು. ಇಡೀ ಅಮೆರಿಕದಲ್ಲಿ ಈ ಪಾಲು ಮೂರನೇ ಒಂದರ ಆಸುಪಾಸು. ಬಹಾಮಿಯನ್ನರು ದೇಶದ ಸರಾಸರಿಗಿಂತ ಕೆಳಗೆ. ಅಂಕಿ ಹೇಳುವುದು ಇಷ್ಟು.  ಯಾಕೆ ಹೀಗೆ ಅಂತ ಕೇಳಿದರೆ ತಾಣ ಸುಮ್ಮನಾಗುತ್ತದೆ. ನಾನು ಹಿಡಿದುಕೊಂಡ ನಕ್ಷತ್ರ ಅದಕ್ಕೇ.

ಯಾರು ಬಂದರು, ಯಾವಾಗ ಬಂದರು, ಯಾವ ಬಾಗಿಲಿನಿಂದ ಒಳಗೆ ಬಂದರು? ಇದನ್ನು ಪಟ್ಟಿಯ ಹೊರಗಿನಿಂದ ತಂದು ಜೋಡಿಸಬೇಕು.

ನಮ್ಮ ಲೈಬ್ರರಿಗೆ ಪೇಪರ್ ಓದಲು ಒಬ್ಬ ಇರಾನಿಯನ್ ಹಿರಿಯರು ಬರುತ್ತಾರೆ. ನಿವೃತ್ತ ಇಂಜಿನಿಯರ್. ಕ್ರಾಂತಿಗೆ ಮುಂಚೆ ಓದಲು ಬಂದವರು. ಆ ಕಾಲದಲ್ಲಿ ಅಮೆರಿಕದ ಕಾಲೇಜುಗಳಲ್ಲಿ ವಿದೇಶಿ ವಿದ್ಯಾರ್ಥಿಗಳ ಅತಿ ದೊಡ್ಡ ಗುಂಪೇ ಇರಾನಿಯನ್ನರದು. 1979-80ರಲ್ಲಿ ಸುಮಾರು 51,000 ಜನ ಇದ್ದರು. "ಅಪ್ಪ ಫೀಸು ಕಳಿಸಿದರು. ಆಮೇಲೆ ಊರಿಗೆ ಹೋಗಲು ಆಗಲಿಲ್ಲ. ಆದರೆ ಅಷ್ಟರಲ್ಲಿ ಡಿಗ್ರಿ ಕೈಯಲ್ಲಿತ್ತು," ಅಂದರು. 1979ರ ಕ್ರಾಂತಿ, ಆ ಮೇಲೆ 1980ರಿಂದ 88ರವರೆಗೆ ಇರಾಕ್ ಜೊತೆ ಯುದ್ಧ. ಆಗ ದೇಶ ಬಿಟ್ಟು ಅಮೆರಿಕದವರೆಗೆ ಬರಲು ಸಾಧ್ಯವಾದವರಲ್ಲಿ ಡಾಕ್ಟರು, ವ್ಯಾಪಾರಿ, ಅಧಿಕಾರಿ ಮನೆತನದವರೇ ಹೆಚ್ಚು. ಟೆಹರಾನಿನಲ್ಲಿ ಅಮೆರಿಕದ ರಾಯಭಾರ ಕಚೇರಿ ಇಲ್ಲ. ವೀಸಾ ಬೇಕಾದರೆ ಅಂಕಾರಾಗೋ ಅಬುಧಾಬಿಗೋ ಯೆರವಾನ್‌ಗೋ ಹೋಗಬೇಕಿತ್ತು. ಇದಕ್ಕೆ ದುಡ್ಡು ಬೇಕು, ಓದು ಬೇಕು, ಪರಿಚಯ ಬೇಕು. ಇಷ್ಟೆಲ್ಲ ಜರಡಿ ದಾಟಿ ಬಂದವರ ಸರಾಸರಿ ಮೇಲಿರುವುದು ಸಹಜ.

ಹಾಗಂತ ಇರಾನಿಯನ್ನರಿಗೆ ಎಲ್ಲ ಸಲೀಸಾಗಿ ಸಿಕ್ಕಿತು ಅಂತಲ್ಲ. 1979ರಲ್ಲಿ ಟೆಹರಾನಿನ ಅಮೆರಿಕದ ರಾಯಭಾರ ಕಚೇರಿಯವರನ್ನು ಒತ್ತೆ ಹಿಡಿದ ಪ್ರಕರಣ 444 ದಿನ ನಡೆಯಿತು. ಆಗ ಇವರು ಬೀದಿಯಲ್ಲಿ ಬೈಗುಳ ತಿಂದರು. ಇರಾನಿಯನ್ನರು ಅಮೆರಿಕಕ್ಕೆ ಬರದಂತೆ ತಡೆದ 2017ರ ಜನವರಿಯ ಪ್ರಯಾಣ ನಿಷೇಧ ಮತ್ತೆ ಮನೆಮನೆಗಳನ್ನು ಒಡೆಯಿತು. ಮೊಮ್ಮಗುವಿನ ಬಾಣಂತನಕ್ಕೆ ಬರಬೇಕಾದ ಅಜ್ಜಿ ಬರಲಾಗದೆ ಉಳಿಯುವುದು ಯಾವ ಪಟ್ಟಿಯಲ್ಲೂ ಕಾಣುವುದಿಲ್ಲ. ಲಾಸ್ ಏಂಜಲೀಸ್‌ನ ವೆಸ್ಟ್‌ವುಡ್ ಬೀದಿಯ ಅಂಗಡಿಗಳನ್ನು ನೋಡಿ ಎಲ್ಲರೂ ಸಿರಿವಂತರು ಅನ್ನುವವರಿದ್ದಾರೆ. ಅಲ್ಲೂ ಬಾಡಿಗೆ ಕಟ್ಟಲು ಒದ್ದಾಡುವ ಮನೆಗಳಿವೆ. ಸರಾಸರಿ ಅವರನ್ನು ಮುಚ್ಚಿಬಿಡುತ್ತದೆ.

ಬಹಾಮಿಯನ್ನರ ದಾರಿ ಬೇರೆ. ಬಿಮಿನಿ ದ್ವೀಪದಿಂದ ಫ್ಲಾರಿಡಾ ದಡಕ್ಕೆ ಸುಮಾರು 50 ಮೈಲಿ ಅಷ್ಟೇ. ಹತ್ತಿರ ಇದ್ದುದರಿಂದ ಬಡವರೂ ಬರಬಹುದಿತ್ತು. ಬಂದರು. ಕೊಕೊನಟ್ ಗ್ರೋವ್‌ನಲ್ಲಿ 1880ರ ದಶಕದಿಂದಲೇ ನೆಲೆಸಿದರು, ಅಂದರೆ ಮಯಾಮಿ ಊರು ಹುಟ್ಟುವುದಕ್ಕೂ ಮುಂಚೆ. 1896ರಲ್ಲಿ ಮಯಾಮಿಯನ್ನು ನಗರ ಮಾಡಲು ಮತ ಹಾಕಿದವರಲ್ಲಿ ಮೂರನೇ ಒಂದಕ್ಕಿಂತ ಜಾಸ್ತಿ ಕಪ್ಪು ಗಂಡಸರು, ಅವರಲ್ಲಿ ಬಹಾಮಿಯನ್ನರೂ ಅನೇಕರು. ಊರು ಕಟ್ಟಲು ಮತ ಕೊಟ್ಟವರನ್ನು ಆ ಊರೇ ಬೇರೆ ಬೀದಿಗೆ, ಬೇರೆ ಶಾಲೆಗೆ, ಬೇರೆ ಆಸ್ಪತ್ರೆಗೆ ತಳ್ಳಿತು. ಕಪ್ಪು ಜನರನ್ನು ಬೇರೆ ಇಡುವ ಜಿಮ್ ಕ್ರೋ ಕಾನೂನುಗಳ ಕಾಲ ಅದು. ಇರಾನಿಯನ್ನರು ದೊಡ್ಡ ಸಂಖ್ಯೆಯಲ್ಲಿ ಬರುವ ಹೊತ್ತಿಗೆ 1964ರ ನಾಗರಿಕ ಹಕ್ಕು ಕಾಯ್ದೆ ಬಂದಾಗಿತ್ತು. ಸರ್ಕಾರಿ ದಾಖಲೆಯಲ್ಲಿ ಅವರನ್ನು ಬಿಳಿಯರು ಅಂತಲೇ ಬರೆಯುತ್ತಿದ್ದರು. ಎರಡು ಗುಂಪುಗಳು ಒಂದೇ ಗೆರೆಯಿಂದ ಓಟ ಶುರು ಮಾಡಲಿಲ್ಲ.

ಆಮೇಲೆ 1943ರಿಂದ 1966ರವರೆಗೆ ಹೊಲದ ಕೆಲಸಕ್ಕೆ ಸಾವಿರಾರು ಬಹಾಮಿಯನ್ನರನ್ನು ಕರಾರಿನ ಮೇಲೆ ಕರೆಸಿಕೊಂಡರು. ಅವರು ಅದನ್ನು 'ದಿ ಕಾಂಟ್ರಾಕ್ಟ್' ಅಂತಲೇ ಕರೆಯುತ್ತಾರೆ. ನಟ ಸಿಡ್ನಿ ಪೊಯಿಟಿಯರ್ 1927ರಲ್ಲಿ ಮಯಾಮಿಯಲ್ಲಿ ಹುಟ್ಟಿದ್ದೂ ಬಹಾಮಾಸ್‌ನ ಕ್ಯಾಟ್ ಐಲೆಂಡಿನ ಅವರ ತಂದೆ-ತಾಯಿ ಟೊಮ್ಯಾಟೊ ಮಾರಲು ಬಂದಿದ್ದಾಗ. ಕೂಲಿಗೆ ಬಂದವರ ಮಕ್ಕಳನ್ನು ಕಾಲೇಜಿಗೆ ಬಂದವರ ಮಕ್ಕಳ ಜೊತೆ ನಿಲ್ಲಿಸಿ ಗ್ರೇಡು ಹಾಕುವುದು ಯಾವ ನ್ಯಾಯ?

ಆಸ್ತಿಯ ವಿಷಯಕ್ಕೆ ಬಂದರೆ ತಾಣದ ಇನ್ನೊಂದು ಮಿತಿ ಕಾಣುತ್ತದೆ. ಸಮೀಕ್ಷೆ ಆದಾಯ ಕೇಳುತ್ತದೆ, ಸ್ವಂತ ಮನೆಯ ಬೆಲೆ ಕೇಳುತ್ತದೆ. ಉಳಿತಾಯ ಎಷ್ಟು, ಅಪ್ಪ-ಅಮ್ಮ ಏನು ಬಿಟ್ಟುಹೋದರು ಅಂತ ಕೇಳುವುದಿಲ್ಲ. ಗ್ರೋವ್‌ನಲ್ಲಿ ಇದೇ ಮುಖ್ಯ ಪ್ರಶ್ನೆ. ಬಹಾಮಾಸ್‌ನಿಂದ ಬಂದ ಇ.ಡಬ್ಲ್ಯು.ಎಫ್. ಸ್ಟಿರಪ್ ಬಡಗಿಯಾಗಿ ಶುರು ಮಾಡಿ ನೂರಕ್ಕೂ ಹೆಚ್ಚು ಮನೆ ಕಟ್ಟಿದರು ಅನ್ನುತ್ತಾರೆ. ಬಹಾಮಿಯನ್ನರಿಗೆ ಬಾಡಿಗೆಗೆ ಕೊಟ್ಟರು, ಮಾರಿದರು. ಚಾರ್ಲ್ಸ್ ಅವೆನ್ಯೂದಲ್ಲಿ ಅವರ ಮನೆಯೂ ಮರಾಯಾ ಬ್ರೌನ್ ಮನೆಯೂ ಚರಿತ್ರೆಯ ಗುರುತು. ಈಗ ಅದೇ ಬೀದಿಗಳಲ್ಲಿ ಹಳೆಯ ಮರದ ಮನೆಗಳು ಹೋಗಿ ದುಬಾರಿ ಬಿಳಿ ಪೆಟ್ಟಿಗೆಯಂಥ ಮನೆಗಳು ಎದ್ದಿವೆ. ಓವರ್‌ಟೌನ್ ಅನ್ನುವ ಮಯಾಮಿಯ ಕಪ್ಪು ಜನರ ಬಡಾವಣೆಯನ್ನು 1960ರ ದಶಕದಲ್ಲಿ ಹೆದ್ದಾರಿ ಸೀಳಿಕೊಂಡು ಹೋಯಿತು. ಕೈತಪ್ಪಿದ ಮನೆ ಅಂದರೆ ಮೊಮ್ಮಕ್ಕಳ ಕೈತಪ್ಪಿದ ಕಾಲೇಜು ಫೀಸು. ಹುಡುಗಿಯ ಅಜ್ಜಿಯ ಮನೆಯೂ ಹೀಗೆ ಕೈಬಿಟ್ಟು ಹೋಗಿದೆ. ಇದನ್ನು ಹೇಳುವಾಗ ಅವಳ ಮುಖ ನೋಡಬೇಕಿತ್ತು.

ಊರಿನ ಮಾತೂ ಇದೆ. ಬಹಾಮಿಯನ್ನರು ಹೆಚ್ಚಾಗಿ ಫ್ಲಾರಿಡಾದ ಮಯಾಮಿ-ಡೇಡ್, ಬ್ರೋವರ್ಡ್ ಕೌಂಟಿಗಳ ಕಡೆ. ಇರಾನಿಯನ್ನರು ಕ್ಯಾಲಿಫೋರ್ನಿಯಾದಲ್ಲಿ ಜಾಸ್ತಿ, ವಾಷಿಂಗ್ಟನ್ ಸುತ್ತಮುತ್ತಲೂ ಇದ್ದಾರೆ. ಕ್ಯಾಲಿಫೋರ್ನಿಯಾದ ಸಂಬಳವೇ ಫ್ಲಾರಿಡಾಕ್ಕಿಂತ ಮೇಲೆ, ಬಾಡಿಗೆಯೂ ಹಾಗೇ. ದೇಶದ ಮಟ್ಟದ ಆದಾಯ ಹೋಲಿಸಿದಾಗ ನೀವು ಅರ್ಧ ಈ ಎರಡು ರಾಜ್ಯಗಳನ್ನೇ ಹೋಲಿಸುತ್ತಿರುತ್ತೀರಿ.

ಇದಕ್ಕೆ ತಾಣದಲ್ಲೇ ಒಂದು ಮದ್ದು ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಮೈಕ್ರೋಡೇಟಾ ಅನ್ನುವ ಭಾಗ. ಹೆಸರು, ವಿಳಾಸ ತೆಗೆದ ಒಬ್ಬೊಬ್ಬರ ಉತ್ತರಗಳು ಅಲ್ಲಿ ಸಿಗುತ್ತವೆ. ಮೂಲದ ಕೋಡ್ ಬಹಾಮಿಯನ್ನರಿಗೆ 300, ಇರಾನಿಯನ್ನರಿಗೆ 416. ಈ ಕೋಡ್ ಹಿಡಿದು ನಿಮಗೆ ಬೇಕಾದ ಪಟ್ಟಿಯನ್ನು ನೀವೇ ಕಟ್ಟಬಹುದು. ಒಂದೇ ರಾಜ್ಯ, ಒಂದೇ ವಯಸ್ಸು, ಒಂದೇ ಮಟ್ಟದ ಓದು ಇರುವವರನ್ನಷ್ಟೇ ಎದುರುಬದುರು ಇಡಬಹುದು. ಯಾವ ವರ್ಷ ಬಂದರು ಅನ್ನುವುದನ್ನೂ ಸೇರಿಸಬಹುದು. ಹೊಸಬರಿಗೆ ಸ್ವಲ್ಪ ಕಷ್ಟ, ಆದರೆ ಕಲಿಯಲು ತಾಳ್ಮೆ ಇದ್ದರೆ ಸಾಕು. ಹುಡುಗಿ ಮಧ್ಯಾಹ್ನ ಪೂರ್ತಿ ಕೂತು ಕಲಿತಳು. ಕೊನೆಗೆ ಅವಳು ಬರೆದ ಹೋಲಿಕೆ ಫ್ಲಾರಿಡಾದ ಒಳಗಿನದು, ಪದವೀಧರರ ನಡುವಿನದು. ದೇಶದ ಮಟ್ಟದ ಪಟ್ಟಿಯನ್ನೂ ಕೊಟ್ಟಳು, ಅದರ ಕೆಳಗೆ ಎರಡೂ ಗುಂಪು ಬಂದ ದಾರಿಯ ಬಗ್ಗೆ ಎರಡು ಪುಟ ಬರೆದಳು. ಗ್ರೇಡುಗಳನ್ನು ಕೈಬಿಟ್ಟಳು.

ಮುಂದೆ ಒಂದು ಬದಲಾವಣೆ ಬರಬಹುದು. 2024ರ ಮಾರ್ಚ್‌ನಲ್ಲಿ ಸರ್ಕಾರ ಜನಾಂಗದ ಪಟ್ಟಿಗೆ 'ಮಧ್ಯಪ್ರಾಚ್ಯ ಅಥವಾ ಉತ್ತರ ಆಫ್ರಿಕಾ' ಅನ್ನುವ ಹೊಸ ವರ್ಗ ಸೇರಿಸಿತು. ಅದು ಸಮೀಕ್ಷೆಗೆ ಬಂದರೆ ಇರಾನಿಯನ್ನರ ಅಂಕಿ ಹಳೆಯದಕ್ಕೆ ನೇರವಾಗಿ ಹೊಂದಿಕೊಳ್ಳದೆ ಇರಬಹುದು. ಹಳೆಯ ವರ್ಷಗಳ ಪಟ್ಟಿ ಬೇಕಾದವರು ಈಗಲೇ ಇಳಿಸಿ ಇಟ್ಟುಕೊಳ್ಳಿ. ಫೈಲಿನ ಹೆಸರಿನಲ್ಲಿ ವರ್ಷ ಮತ್ತು ಪಟ್ಟಿಯ ನಂಬರ್ ಬರೆದಿಡಿ. ಪ್ರಿಂಟ್ ತೆಗೆಯುವಾಗ ಜಾಗ ಉಳಿಸಲು ಮಾರ್ಜಿನ್ ಆಫ್ ಎರರ್ ಕಾಲಂ ಮರೆಮಾಡಬೇಡಿ. ಪಟ್ಟಿ ಸಿಗದಿದ್ದರೆ ಹತ್ತಿರದ ಲೈಬ್ರರಿಗೆ ಹೋಗಿ ಕೇಳಿ, ಹುಡುಕಿಕೊಡುತ್ತಾರೆ.