ಕೋರ್ಟಿನ ಉಚಿತ ವಕೀಲರ ಸೇವೆ: ಐದಕ್ಕೆ ನಾಲ್ಕು ಸ್ಟಾರ್

ಮೀನೂಟದ ಹೋಟೆಲಿಗೆ, ಮಿಕ್ಸರಿಗೆ, ಮೊಬೈಲಿಗೆ ಎಲ್ಲಾ ರಿವ್ಯೂ ಬರೆಯುತ್ತೇವೆ. ಕೋರ್ಟಿನ ಫ್ರೀ ವಕೀಲರಿಗೆ ಯಾರೂ ಬರೆದದ್ದು ನಾನಂತೂ ನೋಡಿಲ್ಲ. ಬರೆದರೆ ಮನೆಯಲ್ಲಿ ಕೇಸಿದೆ ಅಂತ ಗೊತ್ತಾಗುತ್ತದಲ್ವಾ! ನಮ್ಮದು ಹೇಗೂ ಊರಿಗೆಲ್ಲ ಗೊತ್ತಾಗಿದೆ, ಹಾಗಾಗಿ ನಾನೇ ಬರೆಯುತ್ತೇನೆ. ಯಾವ ತಾಲ್ಲೂಕು ಅಂತ ಕೇಳಬೇಡಿ, ಕಾರವಾರಕ್ಕೂ ಹೊನ್ನಾವರಕ್ಕೂ ನಡುವೆ ಎಲ್ಲೋ ಒಂದು ಅಂದುಕೊಳ್ಳಿ.

ನನ್ನ ತಮ್ಮ ಗೋಕರ್ಣದ ಬೀಚಿನಲ್ಲಿ ಸೀಸನ್ ಕೆಲಸ ಮಾಡುತ್ತಿದ್ದ. ಸೀಸನ್ ಮುಗಿದ ಮೇಲೆ ಬೋಟು. ಒಂದು ರಾತ್ರಿ ಬೈಕ್ ತಡೆದಾಗ ಜೇಬಿನಲ್ಲಿ ಗಾಂಜಾ ಸಿಕ್ಕಿತು. ಸಿಕ್ಕಿದ್ದು ಸುಳ್ಳಲ್ಲ, ಅವನೇ ಒಪ್ಪುತ್ತಾನೆ. 85 ಗ್ರಾಂ. 1985ರ ಎನ್‌ಡಿಪಿಎಸ್ ಅಂದರೆ ಮಾದಕ ವಸ್ತುಗಳ ಕಾನೂನಿನ ಲೆಕ್ಕದಲ್ಲಿ ಗಾಂಜಾ ಒಂದು ಕೆಜಿ ತನಕ ‘ಸಣ್ಣ ಪ್ರಮಾಣ’, 20 ಕೆಜಿ ದಾಟಿದರೆ ‘ವಾಣಿಜ್ಯ ಪ್ರಮಾಣ’. ಸಣ್ಣದಕ್ಕೆ ಒಂದು ವರ್ಷದ ತನಕ ಜೈಲು, ಇಲ್ಲಾ 10,000 ರೂಪಾಯಿ ತನಕ ದಂಡ, ಇಲ್ಲಾ ಎರಡೂ. ಇದೆಲ್ಲ ನಾನು ಆಮೇಲೆ ಕಲಿತದ್ದು. ಮರುದಿನ ಬೆಳಿಗ್ಗೆ ಏಳಕ್ಕೆ ಕೋರ್ಟಿನ ಬಾಗಿಲು ಇನ್ನೂ ತೆರೆದಿರಲಿಲ್ಲ, ಅಷ್ಟರಲ್ಲೇ ಅವನ ಫೋಟೋ ಮೂರು ವಾಟ್ಸಾಪ್ ಗ್ರೂಪು ಸುತ್ತಿ ನನ್ನ ಫೋನಿಗೂ ಬಂತು. ಯಾರು ಹಾಕಿದರೋ ದೇವರಿಗೇ ಗೊತ್ತು. ಆಯಿ, ಅಂದರೆ ನಮ್ಮಮ್ಮ, ಅವತ್ತಿನಿಂದ ಸಂಘದ ಮೀಟಿಂಗಿಗೆ ಹೋಗಿಲ್ಲ. ವಾರದ ಕಂತನ್ನು ಪಕ್ಕದ ಮನೆಯವಳ ಕೈಯಲ್ಲಿ ಕಳಿಸುತ್ತಾಳೆ.

ಮೊದಲು ಓಡಿದ್ದು ದುಡ್ಡಿನ ವಕೀಲರೊಬ್ಬರ ಹತ್ತಿರ. ಅವರು ಕಾಗದ ಬಿಚ್ಚಿಯೂ ನೋಡಲಿಲ್ಲ. ‘ಇದೇನು ದೊಡ್ಡದಲ್ಲ ಮಾರಾಯ್ರೆ, ತಪ್ಪೊಪ್ಪಿಕೊಂಡು ದಂಡ ಕಟ್ಟಿಬಿಡಿ, ಒಂದೇ ದಿನದಲ್ಲಿ ಮುಗಿಯುತ್ತದೆ’ ಅಂದರು. ಫೀಸು ಹದಿನೈದು ಸಾವಿರ. ದಂಡಕ್ಕಿಂತ ಜಾಸ್ತಿ!

ಹೊರಗೆ ಚಹಾ ಕುಡಿಯುವಾಗ ಯಾರೋ ಉಚಿತ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ ಅಂದರು. ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇದೆ, ಒಂದು ಬಿಳಿ ಹಾಳೆಯಲ್ಲಿ ಅರ್ಜಿ ಕೊಟ್ಟರೆ ಸಾಕು. ಕಸ್ಟಡಿಯಲ್ಲಿ ಇರುವವರಿಗೆ ಆದಾಯ ಎಷ್ಟು ಅಂತ ಕೇಳುವ ಹಾಗಿಲ್ಲ, ಹೆಂಗಸರಿಗೂ ಇಲ್ಲ, ಎಸ್‌ಸಿ-ಎಸ್‌ಟಿಯವರಿಗೂ ಇಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲೇ ಇದೆ. ನಮಗೆ ಸಿಕ್ಕಿದ್ದು ಚಿಕ್ಕ ವಯಸ್ಸಿನ ಮೇಡಂ. ಫ್ರೀ ಅಂದರೆ ಸುಮ್ನೆ ನಿಂತು ಸಹಿ ಹಾಕಿ ಹೋಗುತ್ತಾರೆ ಅಂದುಕೊಂಡಿದ್ದೆ. ಮೂರನೇ ದಿನ ಜಾಮೀನು ಮಾಡಿಸಿದರು. ಗಾಂಜಾ ಕೇಸಿಗೆ ಬೇಲೇ ಇಲ್ಲ ಅಂತ ಊರಲ್ಲಿ ಹೆದರಿಸಿದ್ದರು. ಎನ್‌ಡಿಪಿಎಸ್‌ನಲ್ಲಿ ಬೇಲನ್ನು ಕಷ್ಟ ಮಾಡುವ 37ನೇ ಸೆಕ್ಷನ್ನಿನ ಬಿಗಿ ಸಣ್ಣ ಪ್ರಮಾಣಕ್ಕೆ ಬರುವುದಿಲ್ಲವಂತೆ.

ಪಂಚನಾಮೆ ಕೈಗೆ ಬಂದ ದಿನ ಅವರು ಅದನ್ನು ಓದಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದೆ. ಸಾಲು ಸಾಲಿಗೂ ಬೆರಳು ಇಟ್ಟುಕೊಂಡು ಬಂದು ಒಂದು ಕಡೆ ನಿಲ್ಲಿಸಿದರು. ‘ಎಲೆ, ಬೀಜ, ಕಡ್ಡಿ ಸಮೇತ’ ಅಂತಿತ್ತು. ಕಾನೂನಿನಲ್ಲಿ ಗಾಂಜಾ ಅಂದರೆ ಗಿಡದ ಹೂ-ಕಾಯಿ ಇರುವ ತುದಿ. ತುದಿ ಇಲ್ಲದ ಬರೀ ಎಲೆ, ಬೀಜ ಗಾಂಜಾ ಅಲ್ಲ. ಎಲೆಯಿಂದ ಮಾಡುವ ಭಾಂಗಿಗೆ ಎನ್‌ಡಿಪಿಎಸ್ ಹಾಕಿದ ಒಂದು ಕೇಸಿನಲ್ಲಿ ನಮ್ಮ ಹೈಕೋರ್ಟೇ 2022ರಲ್ಲಿ ಇದೇ ಮಾತು ಹೇಳಿ ಜಾಮೀನು ಕೊಟ್ಟಿದೆಯಂತೆ. ಪೊಟ್ಟಣದಲ್ಲಿ ತುದಿ ಇತ್ತೋ ಇಲ್ಲವೋ ಅಂತ ಲ್ಯಾಬಿನ ವರದಿ ಹೇಳಬೇಕು. ಅದು ಬರುವ ತನಕ ಕಾಯೋಣ ಅಂದರು.

ಆಮೇಲೆ ತಮ್ಮನನ್ನು ಕೂರಿಸಿಕೊಂಡು ಕೇಳಿದರು, ಮುಂದೆ ಏನು ಮಾಡಬೇಕು ಅಂತಿದ್ದೀಯಾ? ಹಡಗಿನ ಕೆಲಸ ಅಂದ. ಹಾಗಾದರೆ ದಂಡ ಕಟ್ಟುವ ಮೊದಲು ಯೋಚನೆ ಮಾಡು ಅಂದರು. ದಂಡ ಕಟ್ಟಿದರೆ ಕೇಸು ಮುಗಿಯುತ್ತದೆ ನಿಜ, ಆದರೆ ಅದು ಟ್ರಾಫಿಕ್ ಫೈನ್ ಅಲ್ಲ, ಶಿಕ್ಷೆಯಾಯಿತು ಅಂತಲೇ ದಾಖಲೆ. ಪೊಲೀಸ್ ಕ್ಲಿಯರೆನ್ಸ್ ಕೇಳಿದಾಗಲೆಲ್ಲ ಎದ್ದು ಬರುತ್ತದೆ. ನಮ್ಮ ಕಡೆ ಯಾವ ಕೆಲಸಕ್ಕೆ ಅದನ್ನು ಕೇಳುವುದಿಲ್ಲ ಹೇಳಿ? ಗಲ್ಫಿಗೆ ಬೇಕು, ಸೀಬರ್ಡ್ ನೌಕಾನೆಲೆಯ ಗೇಟಿನೊಳಗೆ ಗುತ್ತಿಗೆ ಕೆಲಸಕ್ಕೂ ಬೇಕು, ಕೈಗಾ ಅಣುಸ್ಥಾವರಕ್ಕೂ ಬೇಕು. ದಂಡ ಕಟ್ಟದೆ ಕೇಸು ನಡೆಸಿದರೆ ಇನ್ನೊಂದು ತಲೆನೋವು, ಕೇಸು ಬಾಕಿ ಇದೆ ಅಂತ ಪಾಸ್‌ಪೋರ್ಟ್ ತಡೆಯಬಹುದು. ಅದಕ್ಕೆ ಕೋರ್ಟಿನ ಅನುಮತಿ ತರಬೇಕು, ಅನುಮತಿಯಲ್ಲಿ ಅವಧಿ ಬರೆಯದಿದ್ದರೆ ಒಂದೇ ವರ್ಷದ ಪಾಸ್‌ಪೋರ್ಟ್. ಚಟ ಇರುವವರಾದರೆ ಎನ್‌ಡಿಪಿಎಸ್‌ನ 64ಎ ಸೆಕ್ಷನ್ ಅಂತ ಮೂರನೇ ದಾರಿಯೂ ಇದೆ. ತಾವಾಗಿಯೇ ಚಿಕಿತ್ಸೆಗೆ ಸೇರಿ ಪೂರ್ತಿ ಮುಗಿಸಿದರೆ ಸಣ್ಣ ಪ್ರಮಾಣದ ಕೇಸಿನಿಂದ ಬಿಡುಗಡೆ ಕೇಳಬಹುದು. ನಮ್ಮವನಿಗೆ ಅಂಥ ಚಟ ಇಲ್ಲ, ಇರದಿದ್ದದ್ದೇ ಇಲ್ಲಿ ನಷ್ಟ ಆಯಿತು ನೋಡಿ!

ಹದಿನೈದು ಸಾವಿರ ಕೇಳಿದವರು ಇದರಲ್ಲಿ ಒಂದು ಮಾತೂ ಹೇಳಿರಲಿಲ್ಲ. ರೇಟಿಂಗ್ ಕೊಡುತ್ತಿರುವುದು ಇದಕ್ಕೇ.

ಗಾಂಜಾ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಆದರೆ ಹೊರಗಿನಿಂದ ರಜೆಗೆ ಬಂದವನು ಸಿಕ್ಕಿಬಿದ್ದರೆ ದಂಡ ಕಟ್ಟಿ ರಾತ್ರಿ ಟ್ರೇನ್ ಹತ್ತುತ್ತಾನೆ, ಅವನ ಊರಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಅದೇ ಕಾನೂನು, ಅದೇ ದಂಡ. ನಮ್ಮ ಹುಡುಗ ಮಾತ್ರ ಅದೇ ರಸ್ತೆಯಲ್ಲಿ ದಿನಾ ಓಡಾಡಬೇಕು. ಅವನು ಕೆಲಸ ಮಾಡುತ್ತಿದ್ದ ಬೀಚಿನ ಶ್ಯಾಕಿನವರು ಈ ಸೀಸನ್ನಿಗೆ ಕರೆಯಲಿಲ್ಲ, ತಪ್ಪೂ ಅಲ್ಲ, ಅವರಿಗೂ ಹೆದರಿಕೆ ಇರುತ್ತದೆ.

ಒಂದು ಸ್ಟಾರ್ ಯಾಕೆ ಕಡಿಮೆ ಅಂದರೆ, ಮೇಡಂ ಹತ್ತಿರ ಇಂಥ ಕೇಸು ರಾಶಿ ಇವೆ, ಫೋನ್ ತೆಗೆಯುವುದು ಸಂಜೆ ಆರರ ಮೇಲೆಯೇ. ಎರಡು ಸಲ ಬೇರೆಯವರನ್ನು ಕಳಿಸಿದರು, ಅವರಿಗೆ ಕೇಸಿನ ತಲೆಬುಡ ಗೊತ್ತಿರಲಿಲ್ಲ. ಸಮಿತಿಯ ಕೋಣೆಯ ಹೊರಗೆ ಇರುವುದು ಒಂದೇ ಬೆಂಚು, ಅದರಲ್ಲೂ ಒಂದು ಕಾಲು ಅಲ್ಲಾಡುತ್ತದೆ. ಆಯಿಯನ್ನು ಕರೆದುಕೊಂಡು ಹೋಗುವವರು ಕುರ್ಚಿ ಜೊತೆಗೇ ತನ್ನಿ, ತಮಾಷೆಯಲ್ಲ.

ಲ್ಯಾಬ್ ವರದಿ ಇನ್ನೂ ಬಂದಿಲ್ಲ. ಜೂನ್ 1ರಿಂದ ಜುಲೈ 31ರ ತನಕ ಟ್ರಾಲರ್ ಬೋಟು ನಿಲ್ಲುತ್ತವಲ್ಲ, ಕೋರ್ಟಿನ ಮುಂದಿನ ತಾರೀಖು ಅದರೊಳಗೆ ಬಿದ್ದರೆ ಕೆಲಸ ತಪ್ಪುವುದಿಲ್ಲ ಅಂತ ತಮ್ಮ ಹೇಳಿದ. ಮೇಡಂ ನಕ್ಕು ಡೈರಿಯಲ್ಲಿ ಬರೆದುಕೊಂಡರು. ಬಿದ್ದದ್ದು ಆಗಸ್ಟ್ ಎರಡನೇ ವಾರಕ್ಕೆ.